ಸ್ಕೇಟ್‌ಬೋರ್ಡಿಂಗ್ ಶೂ: ಪಾದದ ಅಳತೆ, ಹೊಂದಾಣಿಕೆ ಮತ್ತು ವ್ಯಾಪಾರ

ಪಾದರಕ್ಷೆ ವ್ಯಾಪಾರದಲ್ಲಿ ಮಾರಿದ ಮಾಲು ಮರಳಿ ಬಂದರೆ ಇಮ್ಮಡಿ ನಷ್ಟ: ಲಾಭವೂ ಕೈತಪ್ಪುತ್ತದೆ, ಗಿರಾಕಿಯ ವಿಶ್ವಾಸವೂ ಕುಂದುತ್ತದೆ. ಸ್ಕೇಟ್‌ಬೋರ್ಡಿಂಗ್ ಶೂಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಹಲಗೆಯ ಮೇಲೆ ಜಿಗಿಯುವ ಆಟಗಾರನಿಗೆ ಸಡಿಲವಾದ ಶೂ ಅನನುಕೂಲ ಮಾತ್ರವಲ್ಲ, ಕಾಲು ಉಳುಕಲು ಕಾರಣವೂ ಆಗಬಲ್ಲದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು. ಆದುದರಿಂದ ಈ ಶೂಗಳ ರಚನೆ ಹಾಗೂ ಅಳತೆಯನ್ನು ವ್ಯಾಪಾರಿಗಳೂ ಸಣ್ಣ ತಯಾರಕರೂ ಅರಿತಿರುವುದು ಅವಶ್ಯಕ.

ಹಿನ್ನೆಲೆ

1966ರಲ್ಲಿ ಪಾಲ್ ವ್ಯಾನ್ ಡೋರೆನ್ ಮತ್ತು ಪಾಲುದಾರರು ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ‘ವ್ಯಾನ್ಸ್’ ಸಂಸ್ಥೆಯನ್ನು ಆರಂಭಿಸಿದರು. ಅದರ ಅಂಟುಗುಣದ ರಬ್ಬರ್ ಅಟ್ಟೆಯನ್ನು ಸ್ಕೇಟ್‌ಬೋರ್ಡ್ ಆಟಗಾರರು ತಾವಾಗಿಯೇ ಮೆಚ್ಚಿಕೊಂಡರು. ಒಂದೇ ಕಾಲಿನ ಶೂ ಬೇಗ ಸವೆಯುತ್ತಿದ್ದುದರಿಂದ ಸಂಸ್ಥೆಯು ಒಂಟಿ ಶೂವನ್ನೂ ಮಾರುತ್ತಿತ್ತು. 1976ರಲ್ಲಿ ಆಟಗಾರರಾದ ಟೋನಿ ಆಲ್ವಾ ಮತ್ತು ಸ್ಟೇಸಿ ಪೆರಾಲ್ಟಾ ಅವರ ಸಲಹೆಯಂತೆ ಕಣಕಾಲಿನ ಬಳಿ ಮೆತ್ತೆಯುಳ್ಳ ಮಾದರಿ ಹೊರಬಂದಿತು. ಬಳಸುವವನ ಮಾತನ್ನು ಕೇಳಿ ಮಾಲನ್ನು ತಿದ್ದಿಕೊಂಡ ಈ ನಿದರ್ಶನ ಪ್ರತಿಯೊಬ್ಬ ತಯಾರಕನಿಗೂ ಪಾಠ.

ಎರಡು ಬಗೆಯ ಅಟ್ಟೆ

ವಲ್ಕನೀಕೃತ ಶೂವಿನಲ್ಲಿ ಮೇಲ್ಭಾಗಕ್ಕೆ ರಬ್ಬರ್ ಅಟ್ಟೆ ಮತ್ತು ಪಟ್ಟಿಯನ್ನು ಅಂಟಿಸಿ ಶಾಖದಲ್ಲಿ ಹದಗೊಳಿಸಲಾಗುತ್ತದೆ. ಇದು ತೆಳುವಾಗಿದ್ದು ಸುಲಭವಾಗಿ ಬಾಗುತ್ತದೆ. ಹಲಗೆಯ ಸ್ಪರ್ಶ ಪಾದಕ್ಕೆ ಚೆನ್ನಾಗಿ ತಿಳಿಯುತ್ತದೆ. ಕಪ್‌ಸೋಲ್ ಎಂಬುದು ಬಟ್ಟಲಿನಂತೆ ಅಚ್ಚಿನಲ್ಲಿ ತಯಾರಾದ ಅಟ್ಟೆ. ಮೇಲ್ಭಾಗವನ್ನು ಅದರೊಳಗೆ ಕೂರಿಸಿ ಸಾಮಾನ್ಯವಾಗಿ ಅಂಚಿನಲ್ಲಿ ಹೊಲಿಯುತ್ತಾರೆ. ಇದು ಬಿಗಿಯಾಗಿದ್ದು ಎತ್ತರದಿಂದ ಜಿಗಿದಾಗ ಹೊಡೆತವನ್ನು ಹೆಚ್ಚು ತಡೆಯುತ್ತದೆ, ಆದರೆ ಪಾದಕ್ಕೆ ಒಗ್ಗಲು ಕೆಲವು ದಿನ ಬೇಕು. ಬೆರಳುಗಳ ಹೊರಬದಿಯು ಹಲಗೆಯ ಉಜ್ಜುಕಾಗದದಂಥ ಮೇಲ್ಮೈಗೆ ಸದಾ ಉಜ್ಜುವುದರಿಂದ ಅಲ್ಲಿ ಕ್ಯಾನ್ವಾಸ್‌ಗಿಂತ ಸ್ವೀಡ್ ಚರ್ಮ ಹೆಚ್ಚು ಬಾಳುತ್ತದೆ.

ಪಾದಕ್ಕೆ ತಕ್ಕ ಆಯ್ಕೆ

ಅಗಲ ಪಾದ: ಒಂದು ಸಂಖ್ಯೆ ದೊಡ್ಡ ಶೂ ಕೊಡುವುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಗಳಲ್ಲಿ ಒಂದು ಪೂರ್ಣ ಸಂಖ್ಯೆಗೆ ಸುಮಾರು 8.5 ಮಿ.ಮೀ. ಉದ್ದ ಹೆಚ್ಚುತ್ತದೆ. ಆಗ ಶೂ ಬಾಗುವ ಜಾಗವು ಹೆಬ್ಬೆರಳ ಬುಡದಿಂದ ಮುಂದೆ ಸರಿಯುತ್ತದೆ, ಹಿಮ್ಮಡಿ ಕಳಚುತ್ತದೆ, ತುದಿ ಹಲಗೆಗೆ ತಡೆಯುತ್ತದೆ. ಅಗಲದ ಅಚ್ಚಿನ ಮಾದರಿಯೇ ಇದಕ್ಕೆ ಸರಿಯಾದ ಪರಿಹಾರ.

ಕಿರಿದಾದ ಪಾದ: ಬದಿಗಳಲ್ಲಿ ಮೆತ್ತೆ ಹಾಗೂ ಹಿಮ್ಮಡಿಯಲ್ಲಿ ಗಟ್ಟಿ ಹಿಡಿತವಿರುವ ಶೂ ಸೂಕ್ತ.

ಚಪ್ಪಟೆ ಪಾದ: ತೆಳು ಅಟ್ಟೆಯಲ್ಲಿ ಬೇಗ ಆಯಾಸವಾಗಬಹುದು. ಕಪ್‌ಸೋಲ್ ಹಾಗೂ ಕಮಾನಿಗೆ ಆಧಾರ ನೀಡುವ ಒಳಅಟ್ಟೆಯನ್ನು ತೋರಿಸಬೇಕು.

ಎತ್ತರದ ಕಮಾನು: ದಪ್ಪ ನಾಲಿಗೆಯುಳ್ಳ ಶೂ ಪಾದದ ಮೇಲ್ಭಾಗವನ್ನು ಒತ್ತುತ್ತದೆ. ತೆಳು ನಾಲಿಗೆ ಮತ್ತು ಹೆಚ್ಚು ಸಡಿಲಿಸಬಹುದಾದ ಲೇಸು ಇರಬೇಕು.

ಅಳೆಯುವ ವಿಧಾನ

ಉದ್ದವೊಂದನ್ನೇ ಅಳೆದರೆ ಸಾಲದು. 1920ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾನಾಕ್ ರೂಪಿಸಿದ ಸಾಧನವು ಪಾದದ ಒಟ್ಟು ಉದ್ದ, ಅಗಲ ಮತ್ತು ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗಿನ ಉದ್ದ, ಈ ಮೂರನ್ನೂ ತೋರಿಸುತ್ತದೆ. ಗಿರಾಕಿಯನ್ನು ನಿಲ್ಲಿಸಿಯೇ, ಆಟದಲ್ಲಿ ಧರಿಸುವ ಕಾಲುಚೀಲದೊಡನೆ ಎರಡೂ ಪಾದಗಳನ್ನು ಅಳೆದು, ದೊಡ್ಡ ಪಾದಕ್ಕೆ ಹೊಂದುವ ಜೋಡಿಯನ್ನು ಕೊಡಬೇಕು. ದಿನದ ಓಡಾಟದಿಂದ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಅಳತೆ ಹೆಚ್ಚು ವಿಶ್ವಾಸಾರ್ಹ. ಪೆಟ್ಟಿಗೆಯ ಮೇಲಿನ ಸಂಖ್ಯೆಗಳಲ್ಲಿಯೂ ಎಚ್ಚರ ಅಗತ್ಯ: ಪುರುಷರ ಅಮೆರಿಕನ್ 9, ಬ್ರಿಟಿಷ್ 8 ಮತ್ತು ಯುರೋಪಿನ 42 ಇವು ಹೆಚ್ಚುಕಡಿಮೆ ಒಂದೇ.

ತಯಾರಕರಿಗೆ

ಶೂವಿನ ಆಕಾರವನ್ನು ನಿರ್ಧರಿಸುವುದು ಲಾಸ್ಟ್, ಅಂದರೆ ಪಾದದ ಆಕಾರದ ಅಚ್ಚು. ಅದು ಕಿರಿದಾಗಿದ್ದರೆ ಎಷ್ಟು ಉತ್ತಮ ಚರ್ಮ ಬಳಸಿದರೂ ದೋಷ ಉಳಿಯುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಸುಮಾರು 1 ಲಕ್ಷ ಜನರ ಪಾದಗಳ ಸಮೀಕ್ಷೆ ನಡೆಸಿತು. ಭಾರತೀಯರ ಪಾದ ಯುರೋಪ್ ಹಾಗೂ ಅಮೆರಿಕದವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಕಂಡುಬಂದು, ‘ಭ’ ಎಂಬ ದೇಶೀಯ ಅಳತೆ ಪದ್ಧತಿಯ ಪ್ರಸ್ತಾಪ 2024ರಲ್ಲಿ ಬೆಳಕಿಗೆ ಬಂದಿತು. ವಿದೇಶಿ ಅಚ್ಚನ್ನು ಹಾಗೆಯೇ ನಕಲು ಮಾಡುವವರು ಇದನ್ನು ಗಮನಿಸಬೇಕು. ಎಲ್ಲ ಸಂಖ್ಯೆಗಳಿಗೂ ಹೊಸ ಅಚ್ಚು ಮಾಡಿಸುವುದು ಸಣ್ಣ ಘಟಕಕ್ಕೆ ಹೊರೆಯಾದೀತು. ಹೆಚ್ಚು ಮಾರಾಟವಾಗುವ ಎರಡು ಮೂರು ಸಂಖ್ಯೆಗಳಲ್ಲಿ ಅಗಲದ ಅಚ್ಚನ್ನು ಮೊದಲು ಪ್ರಯೋಗಿಸಬಹುದು.

ಮರಳಿ ಬಂದ ಪ್ರತಿ ಜೋಡಿಯ ಸಂಖ್ಯೆ, ಮಾದರಿ ಮತ್ತು ಕಾರಣವನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ಅಂಗಡಿಯವರು ರೂಢಿಸಿಕೊಳ್ಳಲಿ. ಕೆಲವೇ ತಿಂಗಳಲ್ಲಿ ಆ ಪುಟಗಳೇ ಮುಂದಿನ ಖರೀದಿಗೆ ಮಾರ್ಗದರ್ಶಿಯಾಗುತ್ತವೆ. ತಯಾರಕನಿಗೂ ಅಚ್ಚು ಎಲ್ಲಿ ತಿದ್ದಬೇಕೆಂಬುದನ್ನು ತಿಳಿಸುತ್ತವೆ.