ಮೆಕ್ಕೆಜೋಳದ ನಡುವಿನ ಕಾಲೇಜು, ಮೈಸೂರಿನ ಮನೆಯ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದಲ್ಲಿ ಗ್ರಿನೆಲ್ ಎಂಬ ಊರಿದೆ. ಜನಸಂಖ್ಯೆ ಹತ್ತು ಸಾವಿರದೊಳಗೆ; ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ಅಲ್ಲೊಂದು ಕಾಲೇಜು, 1846ರಲ್ಲಿ ಶುರುವಾದದ್ದು. ವಿದ್ಯಾರ್ಥಿಗಳು ಸುಮಾರು 1,700. ಎಂ.ಎ. ಇಲ್ಲ, ಪಿಎಚ್.ಡಿ. ಇಲ್ಲ, ನಾಲ್ಕು ವರ್ಷದ ಪದವಿ ಓದು ಮಾತ್ರ. ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿ.

ಈ ಅಂಕಣಕಾರ್ತಿಯ ಮಗಳು 2025ರಲ್ಲಿ ಅಲ್ಲಿಂದ ಪದವಿ ಪಡೆದಳು. ಮನೆ ಮೈಸೂರಿನಲ್ಲಿ. ಗಂಡ ಅನುದಾನಿತ ಕಾಲೇಜಿನ ಉಪನ್ಯಾಸಕರು, ಅಂಕಣಕಾರ್ತಿಯದು ಬ್ಯಾಂಕ್ ನೌಕರಿ. ಇಬ್ಬರ ವರ್ಷದ ಸಂಬಳವನ್ನು ಪೂರ್ತಿ ಒಟ್ಟಿಗಿಟ್ಟರೂ 70 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಕಾಲೇಜು ಅಷ್ಟನ್ನು ಕೇಳಲೂ ಇಲ್ಲ. ಅವರ ಪಾಲಿಗೆ ಬಂದದ್ದು ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ತಗಲುವಷ್ಟು ಮೊತ್ತ. ನೆಂಟರು ಇವತ್ತಿಗೂ ಇದನ್ನು ನಂಬುವುದಿಲ್ಲ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಥ ಕಾಲೇಜಿನ ಮಾತು 70 ಲಕ್ಷ ಎಂಬಲ್ಲಿಗೇ ನಿಂತುಹೋಗುತ್ತದೆ. ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳಬೇಕು.

ಇಂಥ ಕಾಲೇಜು ಕೊಡುವ ಸಹಾಯಧನ ಎಲ್ಲಿಂದ ಬರುತ್ತದೆ? ಗ್ರಿನೆಲ್‌ನ ಮಟ್ಟಿಗೆ ಅದರ ಹಿಂದೆ ಒಂದು ಹಂದಿಯ ಕಥೆಯೂ ಇದೆ. 1948ರಲ್ಲಿ ರಾಬರ್ಟ್ ನಾಯ್ಸ್ ಎಂಬ ವಿದ್ಯಾರ್ಥಿ ಹಾಸ್ಟೆಲಿನ ಹವಾಯಿ ಔತಣಕ್ಕೆಂದು ರೈತರೊಬ್ಬರ ಹಂದಿ ಕದ್ದ. ಹಂದಿ ಸಾಕಣೆಯೇ ಜೀವನವಾದ ನಾಡಿನಲ್ಲಿ ಅದು ಸಣ್ಣ ಅಪರಾಧವಲ್ಲ. ಕಾಲೇಜಿನಿಂದಲೇ ಹೊರಬೀಳಬೇಕಿದ್ದವನನ್ನು ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ಮೊದಲಾದವರು ಕಾಪಾಡಿದರು. ಒಂದು ಸೆಮಿಸ್ಟರ್ ಅಮಾನತು ಅನುಭವಿಸಿ ಅವನು ಮರಳಿದ. ಆ ಹೊತ್ತಿಗೆ ಗೇಲ್ ಮೇಷ್ಟ್ರು ಬೆಲ್ ಲ್ಯಾಬ್ಸ್‌ಗೆ ಬರೆದು ಆಗಷ್ಟೇ ಕಂಡುಹಿಡಿದಿದ್ದ ಟ್ರಾನ್ಸಿಸ್ಟರ್ ಬಗ್ಗೆ ಸಾಮಗ್ರಿ ತರಿಸಿಕೊಂಡಿದ್ದರು. ದೊಡ್ಡ ವಿಶ್ವವಿದ್ಯಾಲಯಗಳೂ ಇನ್ನೂ ಪಾಠ ಮಾಡದ ಆ ವಸ್ತುವನ್ನು ಮೆಕ್ಕೆಜೋಳದ ಊರಿನ ಹುಡುಗ ಮೇಷ್ಟ್ರ ಪಕ್ಕದಲ್ಲಿ ನಿಂತು ಕಲಿತ. ಮುಂದೆ 1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್ ಕಂಪನಿ ಕಟ್ಟಿದ್ದು ಇದೇ ನಾಯ್ಸ್. ಆಗ ಗ್ರಿನೆಲ್ ಕಾಲೇಜು ಮತ್ತು ಅದರ ಇಬ್ಬರು ಟ್ರಸ್ಟಿಗಳು ಸೇರಿ 3 ಲಕ್ಷ ಡಾಲರ್ ಹೂಡಿದರು. ಟ್ರಸ್ಟಿಗಳ ಮಂಡಳಿಯಲ್ಲಿ ಹೂಡಿಕೆದಾರ ವಾರೆನ್ ಬಫೆಟ್ ಕೂಡ ಇದ್ದರು. ಇಂಥ ಹೂಡಿಕೆಗಳಿಂದ ಬೆಳೆದ ಕಾಲೇಜಿನ ಶಾಶ್ವತ ನಿಧಿ ಇಂದು 200 ಕೋಟಿ ಡಾಲರ್‌ಗೂ ಹೆಚ್ಚು; ಸಹಾಯಧನದ ಮೂಲ ಇದೇ. ಎಂದರೆ ಒಬ್ಬೊಬ್ಬ ವಿದ್ಯಾರ್ಥಿಯ ಹಿಂದೆ 10 ಲಕ್ಷ ಡಾಲರ್‌ಗಿಂತ ದೊಡ್ಡ ಇಡುಗಂಟು.

ಹೀಗೆ ನಿಧಿ ಗಟ್ಟಿಯಿರುವ ಸಣ್ಣ ಕಾಲೇಜುಗಳು ಬೇರೆಯೂ ಇವೆ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜು 2022ರಿಂದ ಸಹಾಯಧನದಲ್ಲಿ ಸಾಲವನ್ನೂ ಕಡ್ಡಾಯ ಕೆಲಸವನ್ನೂ ತೆಗೆದುಹಾಕಿ ಎಲ್ಲವನ್ನೂ ಅನುದಾನವಾಗಿಯೇ ಕೊಡುತ್ತಿದೆ. ಅದೇ ರಾಜ್ಯದ ಆಮ್ಹರ್ಸ್ಟ್, ವಿದೇಶಿ ವಿದ್ಯಾರ್ಥಿಯ ಪ್ರವೇಶ ತೀರ್ಮಾನಿಸುವಾಗ ಅವನಿಗೆ ಹಣದ ಅಗತ್ಯ ಎಷ್ಟೆಂದು ನೋಡುವುದಿಲ್ಲ. ಇದನ್ನು ‘ನೀಡ್ ಬ್ಲೈಂಡ್’ ಎನ್ನುತ್ತಾರೆ. ಹೀಗೆ ಮಾಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಉಳಿದೆಡೆ ಹೆಚ್ಚು ಸಹಾಯ ಕೇಳಿದಷ್ಟೂ ಸೀಟು ಸಿಗುವುದು ಕಷ್ಟ, ಇದನ್ನು ಮೊದಲೇ ತಿಳಿದಿರಬೇಕು. ಕೆಂಟುಕಿಯ ಬೆರಿಯಾ ಕಾಲೇಜಿನ ದಾರಿಯೇ ಬೇರೆ. 1892ರಿಂದ ಅಲ್ಲಿ ಬೋಧನಾ ಶುಲ್ಕವಿಲ್ಲ. ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನಲ್ಲಿ ದುಡಿಯಬೇಕು. ಪೊರಕೆ ಕಟ್ಟುವುದರಿಂದ ಮಗ್ಗದಲ್ಲಿ ನೇಯುವುದರವರೆಗೆ ಕೆಲಸಗಳಿವೆ.

ಸಹಾಯಧನಕ್ಕೆ ತುಂಬಬೇಕಾದ ಅರ್ಜಿಯ ಹೆಸರು ಸಿಎಸ್‌ಎಸ್ ಪ್ರೊಫೈಲ್. ಮೊದಲ ಕಾಲೇಜಿಗೆ ಕಳಿಸಲು 25 ಡಾಲರ್, ಆಮೇಲೆ ಪ್ರತಿಯೊಂದಕ್ಕೂ 16 ಡಾಲರ್. ಅದು ಕೇಳುವ ಪ್ರಶ್ನೆಗಳನ್ನು ಮಾಡಿದವರು ನಮ್ಮ ಕಡೆಯ ಕುಟುಂಬಗಳನ್ನು ಕಂಡವರಲ್ಲ. ಸಂಬಳ, ಎಫ್‌ಡಿ, ಪಿಎಫ್ ಬರೆಯುವುದು ಸುಲಭ. ‘ನಿಮ್ಮ ಜಮೀನಿನ ಇಂದಿನ ಬೆಲೆ ಎಷ್ಟು’ ಎಂಬಲ್ಲಿ ಮೈಸೂರಿನ ಮನೆಯಲ್ಲಿ ಕೈ ನಿಂತಿತು. ಗಂಡನ ಊರು ಸಾಗರದ ಹತ್ತಿರ. ಅಲ್ಲಿ ಅಡಕೆ ತೋಟವಿದೆ. ಪಹಣಿ ಇನ್ನೂ ಮಾವನವರ ಹೆಸರಿನಲ್ಲಿದೆ, ಪಾಲಾಗಿಲ್ಲ. ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರಿಗೂ ಹಕ್ಕಿದೆ. ಸರ್ವೆ ನಂಬರು ಕೇಳಲು ಫೋನ್ ಮಾಡಿದಾಗ ಮಾವನವರು ಗಾಬರಿಯಾದರು: “ತೋಟ ಮಾರೋ ಯೋಚನೆ ಏನಾದ್ರೂ ಇದ್ಯನೋ?” ಇಲ್ಲವೆಂದು ಅವರಿಗೆ ಸಮಾಧಾನ ಹೇಳುವುದಕ್ಕೇ ಒಂದು ಸಂಜೆ ಹಿಡಿಯಿತು.

ಕೊನೆಗೆ ದಂಪತಿ ಮಾಡಿದ್ದಿಷ್ಟು. ತೋಟವನ್ನು ಮುಚ್ಚಿಡಲಿಲ್ಲ, ತಮ್ಮದೆಂದು ಪೂರ್ತಿ ಬರೆದುಕೊಳ್ಳಲೂ ಇಲ್ಲ. ಅರ್ಜಿಯಲ್ಲಿ ವಿಶೇಷ ಪರಿಸ್ಥಿತಿ ವಿವರಿಸಲು ಇರುವ ಜಾಗದಲ್ಲಿ, ಪಿತ್ರಾರ್ಜಿತ ಆಸ್ತಿ ಎಂದರೇನು, ಅದರಲ್ಲಿ ಎಷ್ಟು ಜನರ ಪಾಲಿದೆ, ಕೊಳೆರೋಗ ಬಂದ ವರ್ಷ ಫಸಲು ಎಷ್ಟು ಇಳಿಯುತ್ತದೆ, ಅತ್ತೆಯ ಔಷಧಿಗೆ ತಿಂಗಳಿಗೆ ಏನು ಖರ್ಚಾಗುತ್ತದೆ ಎಂದು ಸರಳವಾಗಿ ಬರೆದರು. ಸಿಎ ಬರೆದುಕೊಟ್ಟ ಪತ್ರ, ಪಹಣಿಯ ಪ್ರತಿ, ಅದರ ಇಂಗ್ಲಿಷ್ ಅನುವಾದ, ಎರಡು ವರ್ಷದ ಫಾರಂ 16 ಜೊತೆಗಿಟ್ಟರು. ಕಾಲೇಜಿನವರು ಇಮೇಲ್‌ನಲ್ಲಿ ಎರಡು ಪ್ರಶ್ನೆ ಕೇಳಿದರು. ಉತ್ತರ ಹೋದ ಮೇಲೆ ತೋಟದ ವಿಷಯ ಮತ್ತೆ ಬರಲಿಲ್ಲ. ಇದರಲ್ಲಿ ಸುಳ್ಳು ಬರೆಯುವವರಿದ್ದಾರೆ ಎಂದು ಅಂಕಣಕಾರ್ತಿ ಕೇಳಿದ್ದಾರೆ. ಅದು ತಪ್ಪು, ಮಗುವಿನ ಸೀಟಿಗೇ ಅಪಾಯ. ಆಸ್ತಿ ಇದ್ದೂ ಕೈಯಲ್ಲಿ ದುಡ್ಡಿಲ್ಲದ ಮನೆಯ ಕಷ್ಟವನ್ನು ಇದ್ದಂತೆ ಬರೆದರೆ ಅರ್ಥಮಾಡಿಕೊಳ್ಳುವವರು ಆ ಕಚೇರಿಗಳಲ್ಲಿ ಇದ್ದಾರೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಮುಖ್ಯವಾಗಿ ಮೇಷ್ಟ್ರ ಸಮಯ. ಗ್ರಿನೆಲ್‌ನಲ್ಲಿ ಎಲ್ಲರೂ ಕಡ್ಡಾಯವಾಗಿ ಓದಬೇಕಾದ ಕೋರ್ಸು ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್ ಒಂದೇ. ಹತ್ತು ಹನ್ನೆರಡು ಮಕ್ಕಳು, ಒಬ್ಬ ಅಧ್ಯಾಪಕರು. ಅವರೇ ಆ ಮಕ್ಕಳ ಸಲಹೆಗಾರರೂ ಹೌದು. ಪಿಯು ತರಗತಿಯಲ್ಲಿ ಎಂಬತ್ತು ಮಂದಿಯ ನಡುವೆ ಕೂತು ನೋಟ್ಸ್ ಬರೆದುಕೊಂಡಿದ್ದ ಹುಡುಗಿ ಮೊದಲ ತಿಂಗಳು ತನ್ನ ಪ್ರಬಂಧದ ಒಂದು ಹಾಳೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಳು. ಅಂಚಿನ ತುಂಬ ಪೆನ್ಸಿಲ್ ಬರಹ. ‘ಈ ಮಾತಿಗೆ ಆಧಾರ ಎಲ್ಲಿ?’, ‘ಇಲ್ಲಿ ನಿನ್ನ ಅಭಿಪ್ರಾಯ ಏನು?’ ಕೊನೆಗೆ ‘ಗುರುವಾರ ಬಾ, ಮಾತಾಡೋಣ’. ಅಂಕ ಇರಲಿಲ್ಲ; ತಿದ್ದಿ ಮತ್ತೆ ಬರೆಯಬೇಕಿತ್ತು. ಅರ್ಥಶಾಸ್ತ್ರ ಓದಲು ಹೋದವಳು ಅಂಕಿಸಂಖ್ಯಾಶಾಸ್ತ್ರ, ಮಾನವಶಾಸ್ತ್ರ ಎರಡನ್ನೂ ಹಿಡಿದಳು. ಒಂದು ಬೇಸಿಗೆ ಅಧ್ಯಾಪಕರೊಬ್ಬರ ಜೊತೆ ಸಂಶೋಧನೆ ಮಾಡಿದಳು, ಅದಕ್ಕೆ ಕಾಲೇಜೇ ಭತ್ಯೆ ಕೊಟ್ಟಿತು.

ಊಟದ ಹಾಲ್‌ನಲ್ಲಿ ಕೆಲಸವನ್ನೂ ಮಾಡಿದಳು. ಎಫ್-1 ವೀಸಾದಲ್ಲಿರುವವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಗ್ರಿನೆಲ್‌ನ ಊಟದ ಹಾಲ್‌ನ ವಿದ್ಯಾರ್ಥಿ ನೌಕರರು 2016ರಲ್ಲೇ ತಮ್ಮದೇ ಕಾರ್ಮಿಕ ಸಂಘ ಕಟ್ಟಿಕೊಂಡಿದ್ದರು. 2022ರಲ್ಲಿ ಅದು ಕ್ಯಾಂಪಸ್ಸಿನ ಉಳಿದ ವಿದ್ಯಾರ್ಥಿ ಕೆಲಸಗಳಿಗೂ ಹಬ್ಬಿತು. ಅಯೋವಾದ ಚಳಿಗೆ ಬೇಕಾದ ಕೋಟು, ಬೂಟು, ಫೋನಿನ ಖರ್ಚು ಈ ಸಂಬಳದಲ್ಲೇ ಕಳೆಯಿತು. ಫೀಸಿನ ಪಾಲನ್ನು ಈ ದುಡಿಮೆಯಿಂದ ತುಂಬಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ತೆರಿಗೆಯದು. ಬೋಧನಾ ಶುಲ್ಕಕ್ಕೆ ಸಿಕ್ಕ ಸ್ಕಾಲರ್‌ಶಿಪ್‌ಗೆ ಅಮೆರಿಕದಲ್ಲಿ ತೆರಿಗೆಯಿಲ್ಲ. ಹಾಸ್ಟೆಲು ಮತ್ತು ಊಟಕ್ಕೆ ಸಿಕ್ಕ ಭಾಗಕ್ಕೆ ಇದೆ. ವಿದೇಶಿ ವಿದ್ಯಾರ್ಥಿಯಿಂದ ಕಾಲೇಜು ಶೇ 14ರಷ್ಟು ಹಿಡಿದುಕೊಳ್ಳುತ್ತದೆ. ಆದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ನಮ್ಮ ವಿದ್ಯಾರ್ಥಿಗಳು ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ದೇಶಗಳ ಬಹುತೇಕ ಮಕ್ಕಳಿಗೆ ಈ ಅನುಕೂಲ ಇಲ್ಲ. ಪ್ರತಿ ವರ್ಷ 1040-ಎನ್‌ಆರ್ ಅರ್ಜಿಯಲ್ಲಿ ಇದನ್ನು ಕೇಳಿದರೆ ಹಿಡಿದ ಹಣದ ದೊಡ್ಡ ಪಾಲು ವಾಪಸು ಬರುತ್ತದೆ.

ಇತ್ತ ಭಾರತದಿಂದ ಹಣ ಕಳಿಸುವಾಗ ಟಿಸಿಎಸ್, ಎಂದರೆ ಬ್ಯಾಂಕು ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನು ನೋಡಿಕೊಳ್ಳಬೇಕು. ಮಗಳು ಓದುವಾಗ ವರ್ಷಕ್ಕೆ 7 ಲಕ್ಷ ದಾಟಿದ ಮೊತ್ತಕ್ಕೆ ಅದು ಬೀಳುತ್ತಿತ್ತು. 2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷಕ್ಕೆ ಏರಿದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಈಗ ಟಿಸಿಎಸ್ ಇಲ್ಲವೇ ಇಲ್ಲ. ಹಿಡಿದ ಹಣ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ಮೈಸೂರಿನ ಮನೆಯವರು ಸಣ್ಣದೊಂದು ಸಾಲವನ್ನೂ ಮಾಡಿದ್ದರು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದುದರಿಂದ 80ಇ ಅಡಿ ಅದರ ಬಡ್ಡಿಗೆ ಪೂರ್ತಿ ವಿನಾಯಿತಿ ಸಿಕ್ಕಿತು.

ವೀಸಾಕ್ಕೆ ಮುಂಚೆ ಕಾಲೇಜು ಕಳಿಸುವ ಐ-20 ಪತ್ರದ ಮೊದಲ ಪುಟದಲ್ಲಿ ಓದುವ ವಿಷಯದ ಕೋಡ್ ಇರುತ್ತದೆ. ಅರ್ಥಶಾಸ್ತ್ರಕ್ಕೆ ಸಾಮಾನ್ಯ ಕೋಡ್ ಇದ್ದರೆ ಪದವಿಯ ನಂತರ ಅಲ್ಲಿ 12 ತಿಂಗಳು ಕೆಲಸ ಮಾಡಬಹುದು. 45.0603 ಎಂದಿದ್ದರೆ ಅದು ವಿಜ್ಞಾನ–ತಂತ್ರಜ್ಞಾನದ ಪಟ್ಟಿಗೆ ಸೇರಿ ಇನ್ನೂ 24 ತಿಂಗಳಿಗೆ ಅರ್ಜಿ ಹಾಕಬಹುದು. ಸಾಲ ತೀರಿಸಬೇಕಾದ ಮನೆಗೆ ಈ ಒಂದು ಸಾಲಿನ ಬೆಲೆ ಬಹಳ ದೊಡ್ಡದು. ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಸಣ್ಣ ಕಾಲೇಜೆಲ್ಲ ಗಟ್ಟಿ ಕಾಲೇಜಲ್ಲ. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು 1868ರದ್ದು. ಕಟ್ಟಿಸಿದವರು ವೆಲ್ಸ್ ಫಾರ್ಗೋ ಕಂಪನಿಯ ಹೆನ್ರಿ ವೆಲ್ಸ್. ಬ್ಯಾಂಕಿನವರ ಹೆಸರು ಹೊತ್ತ ಆ ಕಾಲೇಜು ಹಣವಿಲ್ಲದೆ 2024ರಲ್ಲಿ ಮುಚ್ಚಿತು. ಸೆಮಿಸ್ಟರ್ ಮುಗಿಯಲು ಕೆಲವೇ ವಾರ ಇದ್ದಾಗ ಮಕ್ಕಳಿಗೆ ಸುದ್ದಿ ತಿಳಿಯಿತು. ಆದ್ದರಿಂದ ರ‍್ಯಾಂಕಿಗಿಂತ ಮೊದಲು ಕಾಲೇಜಿನ ನಿಧಿ, ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡಬೇಕು. ಅಮೆರಿಕದ 2025ರ ಹೊಸ ಕಾನೂನು ಶ್ರೀಮಂತ ವಿಶ್ವವಿದ್ಯಾಲಯಗಳ ನಿಧಿಯ ಆದಾಯದ ಮೇಲೆ ತೆರಿಗೆ ಹೆಚ್ಚಿಸಿದೆ. ಶುಲ್ಕ ಕಟ್ಟುವ ವಿದ್ಯಾರ್ಥಿಗಳು 3,000ಕ್ಕಿಂತ ಕಡಿಮೆ ಇರುವ ಕಾಲೇಜುಗಳು ಅದರಿಂದ ಹೊರಗಿವೆ. ಗ್ರಿನೆಲ್, ಆಮ್ಹರ್ಸ್ಟ್‌ನಂಥವಕ್ಕೆ ಇದು ಒಳ್ಳೆಯ ಸುದ್ದಿ.

‘ಅರ್ಲಿ ಡಿಸಿಷನ್’ ಅರ್ಜಿಯ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ ಸೀಟು ಸಿಕ್ಕರೆ, ಸಹಾಯಧನ ಸಾಲದೆ ಹೋದ ಸಂದರ್ಭ ಬಿಟ್ಟರೆ, ಸೇರಲೇಬೇಕು; ಬೇರೆ ಕಾಲೇಜು ಎಷ್ಟು ಸಹಾಯ ಕೊಡುತ್ತಿತ್ತು ಎಂದು ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಮೈಸೂರಿನ ಮನೆಯವರು ಮೊದಲು ಹೋದ ಕನ್ಸಲ್ಟೆನ್ಸಿಯೊಂದರಲ್ಲಿ ಸಹಾಯಧನದ ಮಾತೇ ಎತ್ತಲಿಲ್ಲ. ಸೈಟು ಅಡವಿಟ್ಟು ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಕಳಿಸಿ ಎಂದರು. ಪದವಿ ಓದಿಗೆ ಸೈಟು, ತೋಟ ಮಾರಬಾರದು ಎಂಬುದು ಅಂಕಣಕಾರ್ತಿಯ ಖಚಿತ ಅಭಿಪ್ರಾಯ. ಸಹಾಯಧನ ಸಾಲದಿದ್ದರೆ ಆ ಸೀಟನ್ನು ಬಿಟ್ಟು ಇಲ್ಲೇ ಓದಿಸುವುದು ಸರಿ.

ನಿಮ್ಮ ಮಗ ಅಥವಾ ಮಗಳು ಈಗ ಪಿಯು ಮೊದಲ ವರ್ಷದಲ್ಲಿದ್ದು ಇಂಥ ಕಾಲೇಜಿನ ಆಸೆ ಇಟ್ಟುಕೊಂಡಿದ್ದರೆ, ಸಾಲ ಮಾಡದೆ ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಎಂಬುದನ್ನು ಕೂತು ಲೆಕ್ಕಹಾಕಿ ಆ ಸಂಖ್ಯೆಯನ್ನು ಮಕ್ಕಳಿಗೆ ತೋರಿಸಿ. ಫಾರಂ 16, ರಿಟರ್ನ್ಸ್, ಪಹಣಿ ಒಂದು ಫೈಲಿನಲ್ಲಿರಲಿ. ಸಹಾಯಧನದ ಅರ್ಜಿಯ ಕೊನೆಯ ದಿನ ಹೆಚ್ಚಿನ ಕಾಲೇಜುಗಳಲ್ಲಿ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬೀಳುತ್ತದೆ. ಪ್ರವೇಶದ ಅರ್ಜಿಯ ಜೊತೆಗೇ ಕೇಳದ ವಿದೇಶಿ ವಿದ್ಯಾರ್ಥಿಗೆ ಆಮೇಲೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.