ಹುಳುವಿನ ನೂಲು, ಜೇಡದ ನೂಲು
ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರೇಷ್ಮೆ ಸೀಮೆಗಳು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಮಾಗಡಿ ಮೈಸೂರು ತಳಿಯ ರೇಷ್ಮೆಹುಳುವಿನ ಬಿತ್ತನೆ ಪ್ರದೇಶ. ಈ ಊರುಗಳಿರುವ ರಾಮನಗರ ಜಿಲ್ಲೆ ರಚನೆಯಾದದ್ದು 2007ರಲ್ಲಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು.

ಈ ಸೀಮೆಯ ಗೂಡು ಕಟ್ಟುವುದು ಹಿಪ್ಪುನೇರಳೆ ತಿನ್ನುವ ಬಾಂಬಿಕ್ಸ್ ಮೋರಿ ಹುಳು; ಅದರ ನೂಲೆಂದರೆ ಫೈಬ್ರಾಯಿನ್ ಎಂಬ ಪ್ರೋಟೀನ್‌ನ ಎರಡು ಎಳೆ, ಮೇಲೆ ಸೆರಿಸಿನ್ ಅಂಟು. ಬಿಸಿನೀರಿನಲ್ಲಿ ಅಂಟು ಸಡಿಲಗೊಳ್ಳುವುದರಿಂದಲೇ ಗೂಡು ಬಿಚ್ಚುತ್ತದೆ.

ಇನ್ನು ಜೇಡದ ನೂಲಿನ ಪ್ರೋಟೀನ್ ಸ್ಪಿಡ್ರಾಯಿನ್. ಜೇಡ ನೇತಾಡುವ ಎಳೆಯ ಕರ್ಷಣ ಬಲ ಸುಮಾರು 1 ಗಿಗಾಪ್ಯಾಸ್ಕಲ್. ‘ಉಕ್ಕಿಗಿಂತ ಗಟ್ಟಿ’ ಎಂಬ ಮಾತು ಸಮತೂಕದ ಹೋಲಿಕೆಯಲ್ಲಿ ಮಾತ್ರ ಸರಿ. ನಿಜವಾದ ಹಿರಿಮೆ ಬಿಗಿತನದಲ್ಲಲ್ಲ, ತಾಳಿಕೆಯಲ್ಲಿದೆ: ಎಳೆಯ ಸ್ಫಟಿಕ ಭಾಗ ಬಲ ಕೊಟ್ಟರೆ ಅಸ್ಫಟಿಕ ಭಾಗ ಹಿಗ್ಗಿ ಶಕ್ತಿ ಹೀರುತ್ತದೆ.

ಮರೆಯಬಾರದ ಅಂಶ: ಹುಳು ಬಾಯಿಯ ಬಳಿಯಿಂದ, ಜೇಡ ಹೊಟ್ಟೆಯ ತುದಿಯಿಂದ ನೂಲುತ್ತದೆ. ಈ ಎರಡು ಬಗೆಯ ನೂಲುವಿಕೆಗಳೂ ಸ್ವತಂತ್ರವಾಗಿ ವಿಕಾಸಗೊಂಡವು. ಅಲ್ಲದೆ, ಒಂದನ್ನೊಂದು ತಿನ್ನುವ ಜೇಡಗಳನ್ನು ರೇಷ್ಮೆಹುಳುಗಳಂತೆ ಒಟ್ಟಿಗೆ ಸಾಕಲಾಗದು.