ಹಸಿ ಸೌದೆಯ ಅಗ್ಗ – ಲಾಭ ಯಾರಿಗೆ?



2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ನಮ್ಮ ಮೈಲಾಪುರದ ಬೀದಿಗಳಲ್ಲೂ ಮರಗಳು ಅಡ್ಡ ಬಿದ್ದವು. ಆ ವಾರವೇ ಮರ ಕಡಿಯುವ ಕಂಟ್ರಾಕ್ಟುದಾರನೊಬ್ಬ ಹೋಟೆಲಿಗೆ ಬಂದು, "ಸಾಮಿ, ಸೀಳಿದ ಸೌದೆ ಇದೆ, ಮಂಡಿಗಿಂತ ಕಡಿಮೆಗೆ ಕೊಡುತ್ತೇನೆ" ಎಂದ. ಆಸೆಪಟ್ಟು ಎರಡು ಟನ್ ಇಳಿಸಿಕೊಂಡೆ.

ಜನವರಿ ಕೊನೆಗೆ ಒಂದು ಮದುವೆ ಊಟದ ಆರ್ಡರ್. ಕೊಪ್ಪರಿಗೆ ಒಲೆಗೆ ಅದೇ ಸೌದೆ ಹಾಕಿದೆವು. ಹೊಗೆಯೇ ಹೊಗೆ. ಸೌದೆಯ ತುದಿಯಲ್ಲಿ ನೀರು ನೊರೆಯಾಗಿ ಬರುತ್ತಿತ್ತು, ಸಾಂಬಾರು ಕುದಿಯಲೇ ಇಲ್ಲ. ಕೊನೆಗೆ ಗ್ಯಾಸ್ ತರಿಸಿ ಮರ್ಯಾದೆ ಉಳಿಸಿಕೊಂಡೆ. ಪಂಕ್ತಿ ಮಾತ್ರ ಒಂದು ಗಂಟೆ ತಡವಾಯಿತು.

ಮೊದಲು ಅವನನ್ನೇ ಬೈದೆ. ಆಮೇಲೆ ಅವನ ಜಾಗದಲ್ಲಿ ಕೂತು ಲೆಕ್ಕ ಹಾಕಿದೆ.

ಮಾರುವವನ ಲೆಕ್ಕ

ಕಡಿದ ಕೂಲಿ ಅವನಿಗೆ ಮೊದಲೇ ಸಿಕ್ಕಿರುತ್ತದೆ, ಮರ ಪುಕ್ಕಟೆ. ಆದರೆ ಸೀಳುವ ಆಳು, ಗರಗಸದ ಪೆಟ್ರೋಲು, ಲಾರಿ ಬಾಡಿಗೆ ಇದೆ. ಎಲ್ಲಕ್ಕಿಂತ ದೊಡ್ಡದು ತಿಂಗಳುಗಟ್ಟಲೆ ಒಣಗಿಸುವ ಜಾಗ. ಚೆನ್ನೈಯಲ್ಲಿ ಖಾಲಿ ಜಾಗದ ಬಾಡಿಗೆ ನಿಮಗೇ ಗೊತ್ತು.

ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಚೆನ್ನಾಗಿ ಒಣಗಿದ ಮೇಲೂ 20 ಪರ್ಸೆಂಟ್ ಉಳಿಯುತ್ತದೆ. 1,000 ಕಿಲೋ ಹಸಿ ಸೌದೆ ಒಣಗಿದರೆ 625 ಕಿಲೋ ಆಗುತ್ತದೆ. ಹಸಿಯದ್ದು ಟನ್ನಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಒಣಗಿಸಿ ಮಾರಿದರೆ ಅದೇ 5,000 ಕೈಗೆ ಬರಲು ಟನ್ನಿಗೆ 8,000 ಸಿಗಬೇಕು. ಜಾಗದ ಬಾಡಿಗೆ, ಪೇರಿಸುವ ಕೂಲಿ ಅದರ ಮೇಲೆ. ನಾವು ಹಸಿಗೂ ಒಣಗಿದ್ದಕ್ಕೂ ಒಂದೇ ದರ ಕೇಳಿದರೆ ಒಣಗಿಸಿದವನಿಗೆ ನಷ್ಟ. ಆದ್ದರಿಂದ ಅವನು ಹಸಿಯಾಗಿಯೇ ಸಾಗಹಾಕುತ್ತಾನೆ. ಅವನ ಲಾಭ ಇರುವುದು ನೀರಿನ ತೂಕದಲ್ಲಿ.

ಕೊಳ್ಳುವವರ ಲೆಕ್ಕ

ಒಣ ಸೌದೆ ಕಿಲೋಗೆ ಸುಮಾರು 3,500 ಕಿಲೋ ಕ್ಯಾಲೊರಿ ಶಾಖ ಕೊಡುತ್ತದೆ. ಅರ್ಧ ನೀರಿರುವುದು 2,000ವನ್ನೂ ಮುಟ್ಟುವುದಿಲ್ಲ. ಸೌದೆಯೂ ಅರ್ಧ, ಅದರ ಶಾಖದಲ್ಲಿ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಅಂದರೆ ಒಣ ಸೌದೆಗೆ ಟನ್ನಿಗೆ 8,000 ಕೊಟ್ಟರೂ ನಮಗೆ ಅಗ್ಗವೇ.

ಪರೀಕ್ಷೆ ಹೇಗೆ?

1. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದ್ದು ಮಂದ ಸದ್ದು. ತುದಿಯಲ್ಲಿ ಬಿರುಕು ಇರಬೇಕು.

2. ಸಂಶಯವಿದ್ದರೆ ತುಂಡಿನ ನಡುಭಾಗದಿಂದ 100 ಗ್ರಾಂ ಚಕ್ಕೆ ಕೆತ್ತಿ, ಅವನ್‌ನಲ್ಲಿ 105 ಡಿಗ್ರಿಯಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೂಗಿ. 80 ಗ್ರಾಂ ಉಳಿದರೆ ಒಣ ಸೌದೆಯ ದರ ಕೊಡಿ. 50–60 ಗ್ರಾಂ ಉಳಿದರೆ ಹಸಿ ದರಕ್ಕಿಂತ ಒಂದು ಪೈಸೆ ಹೆಚ್ಚು ಬೇಡ.

3. ಸೀಳದ ದಿಮ್ಮಿ ಬೇಡ. ತೊಗಟೆ ಒಳಗಿನ ನೀರನ್ನು ಬಿಡುವುದಿಲ್ಲ.

4. ಸರ್ವೆ (ಇಲ್ಲಿಯವರ ಸವುಕ್ಕು) ಮತ್ತು ಹುಣಸೆ ಗಟ್ಟಿ ಮರ, ಕೆಂಡ ನಿಲ್ಲುತ್ತದೆ. ನುಗ್ಗೆಯಂಥ ಮೆದು ಮರ ಹುಲ್ಲಿನಂತೆ ಉರಿದು ಹೋಗುತ್ತದೆ.

ಜಾಗ ಇರುವವರು ಹಸಿಯದ್ದನ್ನು ಹಸಿ ದರಕ್ಕೇ ಫೆಬ್ರವರಿ–ಮಾರ್ಚಿನಲ್ಲಿ ಕೊಂಡು, ನೆಲದಿಂದ ಎತ್ತರಕ್ಕೆ, ಗಾಳಿಯಾಡುವಂತೆ ಪೇರಿಸಿ. ಬೇಸಿಗೆ ಬಿಸಿಲು ಪುಕ್ಕಟೆ. ಅಕ್ಟೋಬರಿನ ಮಳೆಗೆ ಮುಂಚೆ ಮೇಲೆ ತಗಡು ಹೊದಿಸಿ, ಬದಿಗಳನ್ನು ತೆರೆದಿಡಿ. ಒಬ್ಬರಿಗೆ ಜಾಗ ಸಾಲದಿದ್ದರೆ ಮೂರು ನಾಲ್ಕು ಹೋಟೆಲಿನವರು ಸೇರಿ ಊರಾಚೆ ಒಂದು ಶೆಡ್ ಹಿಡಿಯಬಹುದು.

ಒಣಗಿಸಿದವನಿಗೆ ಒಣಗಿದ ಬೆಲೆ ಕೊಟ್ಟರೆ ಅವನಿಗೂ ವ್ಯಾಪಾರ ಗಿಟ್ಟುತ್ತದೆ, ನಮಗೂ ಪಂಕ್ತಿ ತಡವಾಗುವುದಿಲ್ಲ. ನೀರು ನಲ್ಲಿಯಲ್ಲೇ ಬರುತ್ತದೆ, ಸೌದೆಯ ದರಕ್ಕೆ ಕೊಳ್ಳುವುದು ಬೇಡ.